‘ಅಂತೆ’ ಕಳೆದುಕೊಂಡ ಸುದ್ದಿ

ರಸ್ತೆ ಬದಿಯಲ್ಲಿ ಸುರಿದ ಟೊಮೆಟೊ ರಾಶಿ, ಪಕ್ಕದಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತ ರೈತ, ಹಿಂದೆ ಖಾಲಿ ಬಾಕ್ಸುಗಳನ್ನು ಹೇರಿಕೊಂಡು ನಿಂತ ಒಂದು ಗೂಡ್ಸ್ ಗಾಡಿ. ಕೋಲಾರ ಜಿಲ್ಲೆಯವರ ಮೊಬೈಲಿಗೆ ಇಂಥ ಚಿತ್ರ ವರ್ಷಕ್ಕೆ ಎರಡು ಮೂರು ಸಲವಾದರೂ ಬಂದೇ ಬರುತ್ತದೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅದು ಕಳೆದ ಸಲ ಬಂದಾಗ ಕೆಳಗೆ ‘ಕೋಲಾರ ಮಾರುಕಟ್ಟೆಯಲ್ಲಿ ಇಂದು ಟೊಮೆಟೊ ಕೇಳುವವರೇ ಇಲ್ಲ, ಎಲ್ಲ ಗುಂಪುಗಳಿಗೂ ಕಳುಹಿಸಿ’ ಎಂಬ ಒಕ್ಕಣೆಯಿತ್ತು. ಕಳುಹಿಸಿದವರು ಶ್ರೀನಿವಾಸಪುರದಲ್ಲಿ ಮಾವಿನ ತೋಟವಿರುವ ನಮ್ಮ ದೊಡ್ಡಪ್ಪ. ಅಂದೇ ಬೆಳಗ್ಗೆ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಂಡಿಗೆ ಮಾಲು ಹಾಕಿ ಬಂದಿದ್ದ ತಮ್ಮ ಅದಕ್ಕೆ ಉತ್ತರಿಸಿದ: ‘ದೊಡ್ಡಪ್ಪ, ಇವತ್ತು ನಮ್ಮದು ಬಾಕ್ಸು ನಾನೂರಕ್ಕೆ ಹೋಯ್ತು. ಇದು ಯಾವ ವರ್ಷದ್ದು?’

ಸುಳ್ಳು ಸುದ್ದಿಯನ್ನು ಪರೀಕ್ಷಿಸುವುದನ್ನು ವೃತ್ತಿ ಮಾಡಿಕೊಂಡವರು ಮೊದಲು ಕೇಳುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು. ಆ ಚಿತ್ರವನ್ನು ಯಾರೂ ಕಂಪ್ಯೂಟರಿನಲ್ಲಿ ಕೂಡಿಸಿ ಮಾಡಿರಲಿಲ್ಲ. ಬೆಲೆ ಬಿದ್ದ ವರ್ಷಗಳಲ್ಲಿ, ಕೀಳುವ ಕೂಲಿ ಮತ್ತು ಗಾಡಿ ಬಾಡಿಗೆಯೂ ಹುಟ್ಟದೆ ಇದ್ದಾಗ, ರೈತರು ಹಣ್ಣನ್ನು ರಸ್ತೆಗೆ ಸುರಿದು ಹೋದದ್ದನ್ನು ಈ ಜಿಲ್ಲೆಯವರೆಲ್ಲ ಕಣ್ಣಾರೆ ಕಂಡಿದ್ದೇವೆ. ಹಾಗೆಯೇ 2023ರ ಜುಲೈನಲ್ಲಿ ಇದೇ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದ್ದನ್ನೂ ಕಂಡಿದ್ದೇವೆ. ರಾಶಿ, ರೈತ, ಗಾಡಿ ಎಲ್ಲವೂ ನಿಜ. ‘ಇಂದು’ ಎಂಬ ಒಂದೇ ಪದ ಸುಳ್ಳು. ಆದರೆ ಮಾರನೆಯ ದಿನ ಹಣ್ಣು ಕೀಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ರೈತ, ತೋಟದ ಬದುವಿನಲ್ಲೇ ನಿಂತು ಕಡಿಮೆ ದರಕ್ಕೆ ಕೇಳುತ್ತಿರುವ ವ್ಯಾಪಾರಿಯ ಮುಂದೆ ಈ ಚಿತ್ರವನ್ನು ನೋಡಿದರೆ, ಆ ಒಂದು ಪದಕ್ಕೆ ಬಾಕ್ಸಿಗಿಷ್ಟು ಎಂದು ಬೆಲೆ ಕಟ್ಟಬಹುದಾದಷ್ಟು ನಷ್ಟವಾಗುತ್ತದೆ.

ಕಂಡ ಸುದ್ದಿಗೂ ಕೇಳಿದ ಸುದ್ದಿಗೂ ಕನ್ನಡವು ವ್ಯಾಕರಣದಲ್ಲೇ ವ್ಯತ್ಯಾಸ ಮಾಡುತ್ತದೆ. ‘ಕೆರೆ ತುಂಬಿದೆ’ ಎಂದವನು ನೋಡಿ ಬಂದಿರಬೇಕು, ಇಲ್ಲವೇ ಆ ಮಾತಿನ ಹೊಣೆ ಹೊತ್ತಿರಬೇಕು. ‘ಕೆರೆ ತುಂಬಿದೆಯಂತೆ’ ಎಂದವನು ಬೇರೆಯವರ ಮಾತನ್ನು ದಾಟಿಸುತ್ತಿದ್ದಾನೆ, ಹೊಣೆ ತನ್ನದಲ್ಲವೆಂದು ಅದೇ ಉಸಿರಿನಲ್ಲಿ ತಿಳಿಸುತ್ತಿದ್ದಾನೆ. ಮೂರು ರಾಜ್ಯಗಳು ಕೂಡುವ ಕಡೆಯಿರುವ ನಮ್ಮ ಜಿಲ್ಲೆಯಲ್ಲಿ ‘ಬಂದನಂತೆ’ ಎನ್ನಲು ತೆಲುಗು ಮನೆಮಾತಿನವರು ‘ವಚ್ಚಾಡಂಟ’ ಎನ್ನುತ್ತಾರೆ, ಕೆಜಿಎಫ್ ಕಡೆಯ ತಮಿಳರು ‘ವಂದಾನಾಂ’ ಎನ್ನುತ್ತಾರೆ. ಈ ಸೌಕರ್ಯ ಮೂರು ಭಾಷೆಗಳಲ್ಲೂ ಇದೆ. ಅಂತೆಕಂತೆ ಎಂದು ನಾವು ಹಗುರವಾಗಿ ಆಡಿಕೊಂಡರೂ, ಕೇಳುವವನಿಗೆ ‘ಯಾರು ಹೇಳಿದ್ದು?’ ಎಂದು ಮರುಪ್ರಶ್ನೆ ಹಾಕಲು ಆ ಪ್ರತ್ಯಯವೇ ದಾರಿ ಮಾಡಿಕೊಡುತ್ತದೆ.

ಮೊಬೈಲಿನ ಫಾರ್ವರ್ಡಿನಲ್ಲಿ ಕಳೆದುಹೋಗುವುದು ಅದೇ. ಬಾಯಿಂದ ಬಾಯಿಗೆ ಹೋಗುವ ಮಾತನ್ನು ಪ್ರತಿಯೊಬ್ಬನೂ ತನ್ನ ಮಾತಿನಲ್ಲಿ ಮತ್ತೆ ಹೇಳಬೇಕಾಗುತ್ತದೆ, ಹಾಗೆ ಹೇಳುವಾಗ ‘ಅಂತೆ’ ತಾನಾಗಿ ಸೇರಿಕೊಳ್ಳುತ್ತದೆ. ಫಾರ್ವರ್ಡ್ ಒತ್ತಿದಾಗ ಮಾತ್ರ ಮೊದಲು ಬರೆದ ಅಪರಿಚಿತನ ವಾಕ್ಯ ಅವನ ದನಿಯಲ್ಲೇ, ಅವನ ಖಚಿತತೆಯೊಡನೆಯೇ, ನಮ್ಮ ದೊಡ್ಡಪ್ಪನ ಹೆಸರಿನ ಕೆಳಗೆ ಬಂದು ನಿಲ್ಲುತ್ತದೆ. ಬರೆದವನು ಯಾರೆಂದು ಗೊತ್ತಿಲ್ಲ, ಕಳುಹಿಸಿದವರು ಮನೆಯ ಹಿರಿಯರು. ಹಿರಿಯರ ಮೇಲಿನ ನಂಬಿಕೆ ಅಪರಿಚಿತನ ವಾಕ್ಯಕ್ಕೆ ವರ್ಗಾವಣೆಯಾಗುತ್ತದೆ. 2018ರಲ್ಲಿ ವಾಟ್ಸಾಪ್ ಇಂಥ ಸಂದೇಶಗಳ ತಲೆಯ ಮೇಲೆ ‘ಫಾರ್ವರ್ಡೆಡ್’ ಎಂಬ ಸಣ್ಣ ಗುರುತನ್ನು ತೋರಿಸತೊಡಗಿತು. ಬಿದ್ದುಹೋದ ‘ಅಂತೆ’ಯನ್ನು ಯಂತ್ರದಿಂದ ಮರಳಿ ಅಂಟಿಸುವ ಪ್ರಯತ್ನವದು ಎನ್ನಬಹುದು, ಬೂದುಬಣ್ಣದ ಆ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ.

ಸುಳ್ಳು ಸುದ್ದಿ ಎಂಬ ಒಂದೇ ಚೀಲದಲ್ಲಿ ನಾವು ಹಲವು ಬಗೆಯ ಸರಕನ್ನು ತುಂಬುತ್ತೇವೆ. ಕೌನ್ಸಿಲ್ ಆಫ್ ಯುರೋಪ್‌ಗಾಗಿ ಕ್ಲೇರ್ ವಾರ್ಡಲ್ ಮತ್ತು ಹೊಸೇನ್ ದೆರಕ್ಷಾನ್ 2017ರಲ್ಲಿ ಬರೆದ ವರದಿ ಇದನ್ನು ಉದ್ದೇಶದ ಮೇಲೆ ಮೂರಾಗಿ ವಿಂಗಡಿಸಿತು: ನಿಜವೆಂದೇ ನಂಬಿ ಹಂಚುವ ತಪ್ಪು ಮಾಹಿತಿ, ಸುಳ್ಳೆಂದು ಗೊತ್ತಿದ್ದೂ ಹರಡುವ ದುರುದ್ದೇಶದ ಮಾಹಿತಿ, ಮತ್ತು ನಿಜವೇ ಆಗಿದ್ದರೂ ಒಬ್ಬರಿಗೆ ಕೇಡು ಮಾಡಲೆಂದೇ ಹೊರಹಾಕುವ ಖಾಸಗಿ ಮಾಹಿತಿ. ಈ ವಿಂಗಡಣೆ ಉಪಯುಕ್ತ, ಆದರೆ ಒಂದೇ ಸಂದೇಶ ದಾರಿಯಲ್ಲಿ ಜಾತಿ ಬದಲಿಸುತ್ತದೆ ಎಂಬುದನ್ನು ಮರೆಯಬಾರದು. ಹಳೆಯ ಚಿತ್ರಕ್ಕೆ ‘ಇಂದು’ ಎಂದು ಸೇರಿಸಿದವನಿಗೆ ಏನೋ ಲಾಭವಿದ್ದಿರಬಹುದು. ರೈತರ ಮೇಲಿನ ಮರುಕದಿಂದ ಅದನ್ನು ದಾಟಿಸಿದ ದೊಡ್ಡಪ್ಪನಿಗೆ ಯಾವ ದುರುದ್ದೇಶವೂ ಇರಲಿಲ್ಲ. ಅವರನ್ನು ‘ಸುಳ್ಳು ಹರಡುವವರು’ ಎಂದು ಕರೆದರೆ ಅದೂ ಒಂದು ತಪ್ಪು ಮಾಹಿತಿಯೇ.

ವದಂತಿಗೆ ಮೊಬೈಲು ಬೇಕಾಗಿಲ್ಲ ಎಂಬುದಕ್ಕೆ ಕರ್ನಾಟಕದಲ್ಲಿ ಸಾಕ್ಷಿ ಹುಡುಕಬೇಕಾಗಿಲ್ಲ. ರಾತ್ರಿ ಹೊತ್ತು ಬಂದು ಮನೆಯವರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವಕ್ಕೆ ಉತ್ತರವಾಗಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ತೊಂಬತ್ತರ ದಶಕದಲ್ಲಿ. ದೆವ್ವ ಕನ್ನಡ ಓದಬಲ್ಲದು, ಹೇಳಿದ ಮಾತು ಕೇಳಬಲ್ಲದು ಎಂದು ನಂಬಿದ ಆ ಕಾಲದ ಬಗ್ಗೆ ನನಗೆ ಒಂದು ಬಗೆಯ ಪ್ರೀತಿಯೂ ಇದೆ. 1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿದ್ದು ಸ್ಥಿರ ದೂರವಾಣಿಯ ಮೇಲೆ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ಸುಗಳು ಹರಡಿ, ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಸಗಟು ಎಸ್ಸೆಮ್ಮೆಸ್ಸನ್ನು ದಿನಕ್ಕೆ ಐದಕ್ಕೆ ಇಳಿಸಿತು.

2018 ಮಾತ್ರ ಬೇರೆ ತೆರನಾದದ್ದು. ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೊ ಆ ವರ್ಷ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ನಟರಿಂದ ಮಾಡಿಸಿದ ಕಿರುಚಿತ್ರದ ತುಣುಕು. ಮೂಲದಲ್ಲಿ ಕೊನೆಗೆ ಮಗುವನ್ನು ಮರಳಿ ತಂದು ಬಿಟ್ಟು, ಮಕ್ಕಳ ಮೇಲೆ ನಿಗಾ ಇಡಿ ಎಂದು ತಿಳಿಸುವ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಕೆಲವು ಸೆಕೆಂಡುಗಳನ್ನು ಕತ್ತರಿಸಿದವನು ಯಾವುದನ್ನೂ ಹೊಸದಾಗಿ ಸೇರಿಸಬೇಕಾಗಲಿಲ್ಲ. ಅದರ ಜೊತೆ ಆಯಾ ಊರಿನ ಹೆಸರು ಹಾಕಿದ, ಆಯಾ ಭಾಷೆಯ ದನಿಮುದ್ರಿಕೆಗಳು ಬಂದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಅರಸಿ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಹಾಗೆಯೇ ಸತ್ತ. ಅಪರಿಚಿತರು ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅಲ್ಲಿ ಅನುಮಾನಕ್ಕೆ ಕಾರಣವಾಗಿತ್ತು.

ಆ ಜುಲೈಯಲ್ಲಿಯೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. 2019ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ಅನ್ವಯಿಸಿತು. ಈಗಾಗಲೇ ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ, 2020ರ ಏಪ್ರಿಲಿನಿಂದ ಅದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಈ ಕ್ರಮದಿಂದ ಅತಿಯಾಗಿ ಫಾರ್ವರ್ಡ್ ಆಗುವ ಸಂದೇಶಗಳು ಶೇ 70ರಷ್ಟು ಇಳಿದವೆಂದು ಕಂಪನಿ ಹೇಳಿಕೊಂಡಿತು. ಗಮನಿಸಬೇಕಾದದ್ದೇನೆಂದರೆ, ಇಲ್ಲಿ ಸಂದೇಶ ನಿಜವೋ ಸುಳ್ಳೋ ಎಂದು ಯಾರೂ ನೋಡಿಲ್ಲ. ಕಳುಹಿಸಿದವರು ಮತ್ತು ಪಡೆದವರನ್ನು ಬಿಟ್ಟು ಬೇರೆ ಯಾರೂ ಓದಲಾಗದಂತೆ ಸಂದೇಶಗಳಿಗೆ ಬೀಗ ಹಾಕಿರುವುದರಿಂದ ಕಂಪನಿಯೂ ಅದನ್ನು ಓದಲಾರದು. ಹರಿವಿಗೆ ತೂಬು ಹಾಕಿದ್ದಾರೆಯೇ ಹೊರತು ನೀರನ್ನು ಶುದ್ಧಿ ಮಾಡಿಲ್ಲ.

ಸುಳ್ಳು ಏಕೆ ಬೇಗ ಹರಡುತ್ತದೆ ಎಂಬುದಕ್ಕೆ ಬಹಳ ಉಲ್ಲೇಖಗೊಳ್ಳುವ ಅಧ್ಯಯನ ಅಮೆರಿಕದ ಎಂಐಟಿಯದು. 2018ರ ಮಾರ್ಚಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಸುಮಾರು 30 ಲಕ್ಷ ಜನ ಹಂಚಿದ, ನಿಜ ಅಥವಾ ಸುಳ್ಳೆಂದು ಆಗಲೇ ಪರಿಶೀಲನೆಯಾಗಿದ್ದ ಸುದ್ದಿಗಳ ಸುಮಾರು 1,26,000 ಹರಿವುಗಳನ್ನು ಸಂಶೋಧಕರು ಹಿಂಬಾಲಿಸಿದರು. ಸುಳ್ಳನ್ನು ಮರುಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚಿತ್ತು. 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಗಿತ್ತು. ಯಂತ್ರಚಾಲಿತ ಖಾತೆಗಳನ್ನು ಲೆಕ್ಕದಿಂದ ತೆಗೆದರೂ ಈ ಅಂತರ ಉಳಿಯಿತು, ಅಂದರೆ ಹರಡುತ್ತಿದ್ದವರು ನಮ್ಮಂಥ ಮನುಷ್ಯರೇ. ಸುಳ್ಳು ಸಾಮಾನ್ಯವಾಗಿ ಹೊಸದಾಗಿರುತ್ತದೆ, ಬೆರಗು ಅಥವಾ ಅಸಹ್ಯ ಹುಟ್ಟಿಸುತ್ತದೆ. ನಿಜ ಎಷ್ಟೋ ಸಲ ಮಂಡಿಯ ದರಪಟ್ಟಿಯಷ್ಟು ಸಪ್ಪೆ. ಇದು ಟ್ವಿಟರಿನ ಲೆಕ್ಕ ಎಂಬುದನ್ನು ನೆನಪಿನಲ್ಲಿಡಬೇಕು. ನಮ್ಮ ಕುಟುಂಬದ ಗುಂಪುಗಳ ಒಳಗೆ ಇಂಥ ಅಧ್ಯಯನ ಮಾಡಲು ಹೊರಗಿನವರಿಗೆ ಬಾಗಿಲೇ ಇಲ್ಲ.

ಇನ್ನೊಂದು ಕಾರಣ ಹಳೆಯದು. 1977ರಲ್ಲಿ ಲಿನ್ ಹ್ಯಾಶರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಹೇಳಿಕೆಗಳ ಪಟ್ಟಿ ಕೊಟ್ಟು, ಪ್ರತಿಯೊಂದು ಎಷ್ಟರಮಟ್ಟಿಗೆ ನಿಜವೆನಿಸುತ್ತದೆ ಎಂದು ಕೇಳಿದರು. ಮರಳಿ ಬಂದ ಹೇಳಿಕೆಗಳು, ಸುಳ್ಳಾಗಿದ್ದರೂ, ಪ್ರತಿ ಸಲ ಹೆಚ್ಚು ನಿಜವೆನಿಸುತ್ತ ಹೋದವು. ಕೇಳಿ ಪರಿಚಯವಾದದ್ದನ್ನು ಮನಸ್ಸು ಸತ್ಯವೆಂದು ಎಣಿಸುತ್ತದೆ. ನಮ್ಮೂರಿನ ಉದಾಹರಣೆಯನ್ನೇ ಕೊಡುವುದಾದರೆ, ಕೋಲಾರದ ಟೊಮೆಟೊ ಮಾರುಕಟ್ಟೆ ‘ಏಷ್ಯಾದಲ್ಲೇ ಎರಡನೆಯ ಅತಿದೊಡ್ಡದು’ ಎಂಬ ವಾಕ್ಯವನ್ನು ನಾವೆಲ್ಲ ನೂರಾರು ವರದಿಗಳಲ್ಲಿ ಓದಿದ್ದೇವೆ, ಭಾಷಣಗಳಲ್ಲಿ ಹೇಳಿದ್ದೇವೆ, ಹೆಮ್ಮೆ ಪಟ್ಟಿದ್ದೇವೆ. ಮಾರುಕಟ್ಟೆ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಯಾವ ವರ್ಷದ ಆವಕವನ್ನು, ಯಾವ ದೇಶಗಳ ಯಾವ ಮಂಡಿಗಳ ಜೊತೆ, ಯಾರು ಹೋಲಿಸಿದರು ಎಂಬ ವಿವರ ಆ ವಾಕ್ಯದ ಜೊತೆಯಲ್ಲಿ ಪ್ರಯಾಣ ಮಾಡುವುದಿಲ್ಲ. ಅಭಿಮಾನದ ಮಾತಿಗೂ ‘ಅಂತೆ’ ಸೇರಿಸಬೇಕಾಗುತ್ತದೆ, ಅದು ಹೆಚ್ಚು ಕಷ್ಟ.

ಹಾಗಾದರೆ ಫ್ಯಾಕ್ಟ್ ಚೆಕ್ ಮಾಡುವವರು ಏನು ಮಾಡುತ್ತಾರೆ? ಅವರ ಬಳಿ ಸುಳ್ಳನ್ನು ಹಿಡಿಯುವ ಯಂತ್ರವಿದೆ ಎಂದು ಹಲವರು ತಿಳಿದಿದ್ದಾರೆ. ಅವರ ಕೆಲಸ ಹೆಚ್ಚಾಗಿ ಪೊಲೀಸ್ ಠಾಣೆಯ ಬರಹಗಾರನ ಕೆಲಸದಂತೆ ನಿಧಾನದ್ದು. ಮೊದಲು ಸಂದೇಶದಲ್ಲಿ ಪರಿಶೀಲಿಸಬಹುದಾದ ಮಾತು ಯಾವುದು ಎಂದು ಬೇರ್ಪಡಿಸುತ್ತಾರೆ. ‘ಸರ್ಕಾರಕ್ಕೆ ರೈತರ ಕಾಳಜಿಯಿಲ್ಲ’ ಎಂಬುದು ಅಭಿಪ್ರಾಯ. ಅದಕ್ಕೆ ಸಿಟ್ಟಿನಿಂದಲೋ ಸಮ್ಮತಿಯಿಂದಲೋ ಉತ್ತರಿಸಬಹುದು, ನಿಜ ಸುಳ್ಳು ಎಂದು ಮುದ್ರೆ ಒತ್ತಲಾಗದು. ‘ಇಂದು ಕೋಲಾರದಲ್ಲಿ ಟೊಮೆಟೊ ಕೊಳ್ಳುವವರಿಲ್ಲ’ ಎಂಬುದು ಪರಿಶೀಲಿಸಬಹುದಾದ ಮಾತು.

ಆಮೇಲೆ ಚಿತ್ರದ ಹುಟ್ಟನ್ನು ಹುಡುಕುತ್ತಾರೆ. ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಚಿತ್ರವನ್ನು ಕೊಟ್ಟರೆ ಅದೇ ಅಥವಾ ಅದನ್ನು ಹೋಲುವ ಚಿತ್ರ ಅಂತರ್ಜಾಲದಲ್ಲಿ ಬೇರೆಲ್ಲಿ ಇದೆಯೆಂದು ತೋರಿಸುತ್ತವೆ. ಟಿನ್‌ಐಯಲ್ಲಿ ಹಳೆಯದನ್ನು ಮೊದಲು ತೋರಿಸು ಎಂದು ಕೇಳಲೂ ಬರುತ್ತದೆ. ಮೂರು ವರ್ಷ ಹಿಂದಿನ ಪತ್ರಿಕಾ ವರದಿಯಲ್ಲಿ ಅದೇ ರಾಶಿ, ಅದೇ ರೈತ ಸಿಕ್ಕರೆ ‘ಇಂದು’ ಅಲ್ಲಿಗೇ ಬಿತ್ತು. ಸಿಗದಿದ್ದರೆ ಚಿತ್ರ ಹೊಸದೆಂದು ಅರ್ಥವಲ್ಲ, ಹುಡುಕು ಯಂತ್ರದ ಕಣ್ಣಿಗೆ ಬಿದ್ದಿಲ್ಲ ಎಂದಷ್ಟೇ ಅರ್ಥ. ಆಗ ಚಿತ್ರದ ಒಳಗೆ ಇಳಿಯಬೇಕು. ಗಾಡಿಯ ನಂಬರ್ ಪ್ಲೇಟಿನಲ್ಲಿ ಕೆಎ 07 ಇದ್ದರೆ ಅದು ಕೋಲಾರದಲ್ಲಿ ನೋಂದಣಿಯಾದದ್ದು, ಕೆಎ 40 ಇದ್ದರೆ ಚಿಕ್ಕಬಳ್ಳಾಪುರದ್ದು, ಎಂಎಚ್ ಎಂದಿದ್ದರೆ ಮಹಾರಾಷ್ಟ್ರದ್ದು. ಕೋಲಾರದ ಮಂಡಿಗೆ ಹೊರರಾಜ್ಯಗಳ ಲಾರಿಗಳು ಬರುತ್ತಲೇ ಇರುವುದರಿಂದ ಇದೊಂದೇ ಸಾಕ್ಷ್ಯವಾಗದು, ಆದರೆ ಸುಳಿವಾಗುತ್ತದೆ. ಅಂಗಡಿಯ ಬೋರ್ಡಿನ ಲಿಪಿ, ಮೈಲಿಗಲ್ಲು, ವಿದ್ಯುತ್ ಕಂಬ, ರೈತನ ಮೈಮೇಲಿನ ಸ್ವೆಟರ್, ನೆಲದ ತೇವ, ಕೆಂಪು ಮಣ್ಣೋ ಎರೆಯೋ ಎಂಬುದು, ಇವೆಲ್ಲ ಊರು ಮತ್ತು ಋತುವನ್ನು ಹೇಳುತ್ತವೆ. ಈ ಭಾಗದಲ್ಲಿ ಹಳ್ಳಿಯ ರೈತರೇ ಹೊರಗಿನ ಪರಿಣತರಿಗಿಂತ ಮುಂದಿರುತ್ತಾರೆ. ಟೊಮೆಟೊದ ಆಕಾರ ನೋಡಿ ಅದು ನಾಟಿಯೋ ಹೈಬ್ರಿಡ್ಡೋ, ನಮ್ಮ ಸೀಮೆಯದೋ ಅಲ್ಲವೋ ಎಂದು ವಡ್ಡಹಳ್ಳಿಯಲ್ಲಿ ಹೇಳುವಷ್ಟು ನಿಖರವಾಗಿ ಯಾವ ತಂತ್ರಾಂಶವೂ ಹೇಳಲಾರದು.

ಕೊನೆಯದಾಗಿ ದಾಖಲೆ ಮತ್ತು ಮನುಷ್ಯರು. ರಾಜ್ಯದ ಎಪಿಎಂಸಿಗಳ ದಿನದ ಆವಕ ಮತ್ತು ಕನಿಷ್ಠ, ಗರಿಷ್ಠ ದರಗಳನ್ನು ಕೃಷಿ ಮಾರಾಟ ವಾಹಿನಿಯ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮಂಡಿಯ ಮಾಲೀಕರಿಗೋ ಎಪಿಎಂಸಿ ಕಚೇರಿಗೋ ಒಂದು ಫೋನು ಸಾಕು. ಒಳ್ಳೆಯ ಫ್ಯಾಕ್ಟ್ ಚೆಕ್ ವರದಿ ತೀರ್ಪನ್ನು ಮಾತ್ರ ಕೊಡದೆ ತಾನು ಹೋದ ದಾರಿಯನ್ನೂ ಬರೆಯುತ್ತದೆ, ಓದುಗರು ಅದೇ ದಾರಿಯಲ್ಲಿ ನಡೆದು ಅದೇ ಉತ್ತರ ತಲುಪಬಹುದು. ಹಾಗೆ ಬರೆಯದ ತೀರ್ಪನ್ನು, ಅದರ ಮೇಲೆ ಎಷ್ಟೇ ದೊಡ್ಡ ಕೆಂಪು ಮುದ್ರೆಯಿದ್ದರೂ, ನಾನು ಇನ್ನೊಂದು ಫಾರ್ವರ್ಡ್ ಎಂದೇ ಎಣಿಸುತ್ತೇನೆ.

ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಇದೆಲ್ಲ ನಡೆಯುತ್ತದೆಯೇ ಎಂಬ ಅನುಮಾನ ಸಹಜ. 2023ರ ನವೆಂಬರಿನಲ್ಲಿ ನಟಿ ರಶ್ಮಿಕಾ ಮಂದಣ್ಣ ಲಿಫ್ಟಿನೊಳಕ್ಕೆ ಬರುವಂತೆ ಕಾಣುವ ಒಂದು ವಿಡಿಯೊ ಹರಡಿತು. ಬೇರೊಬ್ಬ ಮಹಿಳೆ ಕೆಲವು ವಾರಗಳ ಹಿಂದೆ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದ ವಿಡಿಯೊಗೆ ರಶ್ಮಿಕಾ ಅವರ ಮುಖವನ್ನು ಕೂರಿಸಿ ಮಾಡಿದ ಡೀಪ್‌ಫೇಕ್ ಅದು. ಅದನ್ನು ಖಚಿತಪಡಿಸಿದ ಬಲವಾದ ಸಾಕ್ಷ್ಯ ಆ ಮೂಲ ವಿಡಿಯೊ ಸಿಕ್ಕಿದ್ದು. ತುಣುಕಿನ ಮೊದಲ ಕ್ಷಣದಲ್ಲಿ ಮೂಲದವರ ಮುಖವೇ ಕಾಣುತ್ತಿತ್ತು. ತಂತ್ರ ಹೊಸದು, ಹಿಡಿದ ಬಗೆ ಹಳೆಯದು. ಮುಂದೆ ಮೂಲವೇ ಇಲ್ಲದೆ ಪೂರ್ತಿ ಯಂತ್ರವೇ ಹುಟ್ಟಿಸಿದ ಚಿತ್ರಗಳು ಹೆಚ್ಚಿದಂತೆ ಈ ದಾರಿ ಕಿರಿದಾಗುತ್ತದೆ, ಆಗ ‘ಇದನ್ನು ತೆಗೆದವರು ಯಾರು, ಎಲ್ಲಿ ನಿಂತು ತೆಗೆದರು’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಚಿತ್ರವನ್ನು ಪಕ್ಕಕ್ಕಿಡುವುದೊಂದೇ ಉಳಿಯುತ್ತದೆ. ಆದರೂ ನಮ್ಮ ಗುಂಪುಗಳಿಗೆ ಬರುವ ಸುಳ್ಳಿನ ಬಹುಪಾಲಿಗೆ ಅಷ್ಟು ಶ್ರಮವನ್ನು ಯಾರೂ ಹಾಕಿರುವುದಿಲ್ಲ. ಹಳೆಯ ಚಿತ್ರ, ಹೊಸ ಒಕ್ಕಣೆ, ಅಷ್ಟೇ ಸಾಕಾಗುತ್ತಿದೆ.

ಈವರೆಗಿನವು ಸುಲಭದವು. ಕಷ್ಟದ್ದು ಬೇಕೆಂದರೆ ಕೋಲಾರದಲ್ಲಿ ಕೆ.ಸಿ. ವ್ಯಾಲಿ ಎಂದರೆ ಸಾಕು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಪೈಪಿನಲ್ಲಿ ತಂದು ಜಿಲ್ಲೆಯ ಕೆರೆಗಳನ್ನು ತುಂಬುವ ಯೋಜನೆ ಇದು. ಲಕ್ಷ್ಮೀಸಾಗರದ ಕೆರೆಗೆ ಮೊದಲು ನೀರು ಬಂದದ್ದು 2018ರಲ್ಲಿ. ಅದೇ ಜುಲೈಯಲ್ಲಿ ಆ ಕೆರೆಯಲ್ಲಿ ನೊರೆ ಕಾಣಿಸಿತು. ಪ್ರಕರಣ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ತಡೆಯಾಜ್ಞೆಗಳು ಬಂದು, ತೆರವಾಗಿ, ನೀರು ಮತ್ತೆ ಹರಿಯಿತು. ಅಂದಿನಿಂದ ಇಂದಿನವರೆಗೆ ‘ಕೆರೆಗಳಿಗೆ ವಿಷ ಬಿಡುತ್ತಿದ್ದಾರೆ’ ಎಂಬ ಸಂದೇಶ ಒಂದು ಕಡೆಯಿಂದ, ‘ನೀರು ಸಂಪೂರ್ಣ ಶುದ್ಧ’ ಎಂಬ ಸಂದೇಶ ಇನ್ನೊಂದು ಕಡೆಯಿಂದ ಬರುತ್ತಲೇ ಇವೆ. ಎರಡಕ್ಕೂ ‘ನಿಜ’ ಅಥವಾ ‘ಸುಳ್ಳು’ ಎಂಬ ಮುದ್ರೆ ಒತ್ತಲು ಹೊರಟವನು ಎಡವುತ್ತಾನೆ, ಏಕೆಂದರೆ ಪ್ರತಿಯೊಂದರ ಹೊಟ್ಟೆಯಲ್ಲೂ ಹಲವು ಮಾತುಗಳಿವೆ.

ಅವನ್ನು ಬಿಡಿಸಿ ನೋಡಬೇಕು. ನೀರನ್ನು ಎಷ್ಟು ಹಂತ ಸಂಸ್ಕರಿಸುತ್ತಾರೆ? ಎರಡು ಹಂತ, ಮೂರನೆಯ ಹಂತವೂ ಬೇಕೆಂಬುದು ಜಿಲ್ಲೆಯ ಹೋರಾಟಗಾರರ ಬೇಡಿಕೆ. ಇದು ದಾಖಲೆಯಿಂದ ತಿಳಿಯುವ ಸಂಗತಿ. ಈ ನೀರು ಕುಡಿಯಲಿಕ್ಕೋ? ಅಲ್ಲ, ಕೆರೆಯಲ್ಲಿ ನಿಂತು ಇಂಗಿ ಅಂತರ್ಜಲ ಹೆಚ್ಚಲಿ ಎಂಬುದು ಯೋಜನೆಯ ಉದ್ದೇಶ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂದಿದೆಯೇ? ಕೆರೆಗಳ ಆಸುಪಾಸಿನ ರೈತರನ್ನೂ ಅಂತರ್ಜಲದ ಅಳತೆಯನ್ನೂ ಕೇಳಿ ತಿಳಿಯಬಹುದು. ಆ ನೀರು ದೀರ್ಘಕಾಲದಲ್ಲಿ ಮಣ್ಣಿಗೆ, ಬೆಳೆಗೆ, ಕುಡಿಯುವ ಕೊಳವೆಬಾವಿಗೆ ಏನು ಮಾಡುತ್ತದೆ? ಇದು ವರ್ಷಗಟ್ಟಲೆ ಮಾದರಿ ತೆಗೆದು ಪರೀಕ್ಷಿಸಬೇಕಾದ ಪ್ರಶ್ನೆ. ಒಂದು ಕೆರೆಯ ಒಂದು ದಿನದ ಲ್ಯಾಬ್ ವರದಿಯನ್ನು ಹಿಡಿದು ಇಡೀ ಜಿಲ್ಲೆಯ ನೀರಿನ ಬಗ್ಗೆ ಮಾತಾಡುವುದು ಎರಡೂ ಕಡೆಯವರ ಚಾಳಿ. ನೊರೆಯ ವಿಡಿಯೊ ನಿಜ, ಆದರೆ 2018ರ ನೊರೆಯನ್ನು ಈ ವರ್ಷದ್ದೆಂದು ಹಂಚಿದರೆ ಅದು ಟೊಮೆಟೊ ರಾಶಿಯ ಕಥೆಯೇ. ಹಾಗೆಂದು ‘ಹಳೆಯ ವಿಡಿಯೊ’ ಎಂಬ ಒಂದು ಫ್ಯಾಕ್ಟ್ ಚೆಕ್ ಹಿಡಿದು, ಮೂರನೆಯ ಹಂತದ ಸಂಸ್ಕರಣೆ ಕೇಳುವವರ ಬಾಯಿ ಮುಚ್ಚಿಸಲು ಹೊರಟರೆ ಅದೂ ಸರಿಯಲ್ಲ. ಒಂದು ಚಿತ್ರ ಸುಳ್ಳಾದ ಮಾತ್ರಕ್ಕೆ ಅದರ ಹಿಂದಿನ ಪ್ರಶ್ನೆ ಸುಳ್ಳಾಗುವುದಿಲ್ಲ.

ಹಾಗಿದ್ದರೆ ಪತ್ರಿಕೆ, ಟಿವಿ ನಂಬಬಹುದಲ್ಲವೇ? 1843ರ ಜುಲೈ 1ರಂದು ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಟಾಗಿನಿಂದ, ಕೇಳಿದ ಮಾತಿಗೂ ಅಚ್ಚಾದ ಮಾತಿಗೂ ನಡುವೆ ಹೆಸರು, ವಿಳಾಸ ಇರುವ ಒಬ್ಬ ಸಂಪಾದಕ ಕುಳಿತಿರುತ್ತಾನೆ ಎಂಬುದೇ ಪತ್ರಿಕೆಯ ಮೇಲಿನ ನಂಬಿಕೆಗೆ ಆಧಾರ. ಆ ಕುರ್ಚಿಯೂ ಕೆಲವೊಮ್ಮೆ ಖಾಲಿಯಿರುತ್ತದೆ. 2016ರ ನವೆಂಬರಿನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ನ್ಯಾನೊ ಚಿಪ್ ಇದೆ ಎಂಬ ಕಟ್ಟುಕಥೆ ಟಿವಿಯಲ್ಲೂ ಬಂತು. ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯದೇ. 2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರ ಸಿಟ್ಟು ಸಿಡಿದು ದಾಂಧಲೆಯಾಯಿತು. ಪೊಲೀಸರಿಗೆ ಕೊಟ್ಟ ದೂರಿನಲ್ಲಿದ್ದ 437 ಕೋಟಿ ರೂಪಾಯಿಯ ನಷ್ಟ ದೇಶದ ಹಲವು ಪತ್ರಿಕೆಗಳಲ್ಲಿ ಬಂತು. ಕೆಲವೇ ದಿನಗಳಲ್ಲಿ ಕಂಪನಿ ತೈವಾನಿನ ಷೇರುಪೇಟೆಗೆ ತಿಳಿಸಿದ ಅಂದಾಜು ನಮ್ಮ ಲೆಕ್ಕದಲ್ಲಿ 26ರಿಂದ 52 ಕೋಟಿ. ಮೊದಲ ಸಂಖ್ಯೆಯನ್ನು ಅಚ್ಚು ಹಾಕಿದ ಪತ್ರಿಕೆಗಳು ಸುಳ್ಳು ಹೇಳಿದವೇ? ದೂರಿನಲ್ಲಿ ಹಾಗೆ ಇದೆ ಎಂದು ಬರೆದಿದ್ದವರು ಸುಳ್ಳು ಹೇಳಿಲ್ಲ. ‘437 ಕೋಟಿ ನಷ್ಟ’ ಎಂದು ತಲೆಬರಹದಲ್ಲಿ ಸಾರಿದ್ದವರು ‘ಅಂತೆ’ಯನ್ನು ನುಂಗಿದ್ದರು. ಎರಡನೆಯ ಸಂಖ್ಯೆಯನ್ನೂ ಅಷ್ಟೇ ಎದ್ದು ಕಾಣುವಂತೆ ಪ್ರಕಟಿಸಿದವರು ಯಾರು ಎಂದು ನೋಡಿದರೆ ಯಾವ ಪತ್ರಿಕೆಯನ್ನು ಎಷ್ಟು ನಂಬಬೇಕೆಂಬುದು ತಿಳಿಯುತ್ತದೆ.

ಪರೀಕ್ಷಿಸುವವರನ್ನು ಪರೀಕ್ಷಿಸುವವರಾರು ಎಂಬುದು ಇನ್ನೂ ಬಗೆಹರಿಯದ ಜಗಳ. 2015ರಲ್ಲಿ ಅಮೆರಿಕದ ಪಾಯಿಂಟರ್ ಸಂಸ್ಥೆಯಲ್ಲಿ ಆರಂಭವಾದ ಅಂತರರಾಷ್ಟ್ರೀಯ ಫ್ಯಾಕ್ಟ್ ಚೆಕಿಂಗ್ ಜಾಲವು ಪಕ್ಷಪಾತ ಮಾಡದಿರುವುದು, ಮೂಲ ಮತ್ತು ಹಣದ ವಿವರ ಬಹಿರಂಗಪಡಿಸುವುದು, ತಪ್ಪಾದರೆ ತಿದ್ದುವುದು ಮುಂತಾದ ನಿಯಮಗಳನ್ನು ಇಟ್ಟಿದೆ. ಭಾರತದ ಹಲವು ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಕೇಂದ್ರ ಸರ್ಕಾರವು ತನ್ನ ಕುರಿತ ಸುದ್ದಿಗಳಲ್ಲಿ ಸುಳ್ಳು ಯಾವುದೆಂದು ತಾನೇ ನಿರ್ಧರಿಸುವ ಘಟಕವೊಂದಕ್ಕೆ 2023ರಲ್ಲಿ ಐಟಿ ನಿಯಮ ತಿದ್ದಿ ಅಧಿಕಾರ ಕೊಟ್ಟಿತ್ತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದು ಮಾಡಿತು. ಆರೋಪಿಯೇ ನ್ಯಾಯಾಧೀಶನಾಗಬಾರದು ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ಹೊಂದುತ್ತದೆ ಎಂದು ನನ್ನ ಅನಿಸಿಕೆ. ಹಾಗೆಂದು ವದಂತಿಗೆ ಕಾನೂನೇ ಇಲ್ಲವೆಂದಲ್ಲ: ಜನರಲ್ಲಿ ಭೀತಿ ಅಥವಾ ದ್ವೇಷ ಹುಟ್ಟಿಸುವ ಸುಳ್ಳನ್ನು ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು.

ಹಣಕ್ಕೇ ಕೈ ಹಾಕುವ ಸುಳ್ಳು ಬೇರೆ ಬಗೆಯದು. ಪಿಎಂ ಕಿಸಾನ್ ಕಂತಿನ ಹೆಸರಿನಲ್ಲಿ, ಬ್ಯಾಂಕ್ ಕೆವೈಸಿಯ ಹೆಸರಿನಲ್ಲಿ, ಮದುವೆಯ ಆಮಂತ್ರಣದ ಹೆಸರಿನಲ್ಲಿಯೂ ‘ಎಪಿಕೆ’ ಎಂದು ಕೊನೆಯಾಗುವ ಕಡತಗಳು ಗುಂಪುಗಳಿಗೆ ಬರುತ್ತವೆ. ಅದನ್ನು ಒತ್ತಿ ಅಳವಡಿಸಿಕೊಂಡರೆ ಮೊಬೈಲಿಗೆ ಬರುವ ಒಟಿಪಿಗಳು ಕಳ್ಳರ ಕೈಗೆ ಹೋಗಬಹುದು. ಇಲ್ಲಿ ನಿಜ ಸುಳ್ಳಿನ ವಿಚಾರಣೆಗೆ ಸಮಯವಿಲ್ಲ. ಒತ್ತಬಾರದು, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಹೋದ ಖಾತೆಯನ್ನು ತಡೆಹಿಡಿಸುವ ಅವಕಾಶ ಹೆಚ್ಚು.

ತಿದ್ದುವ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮನೆಯ ಗುಂಪು. ತಮ್ಮ ಅಂದು ‘ಇದು ಯಾವ ವರ್ಷದ್ದು?’ ಎಂದು ಕೇಳಿದಾಗ ದೊಡ್ಡಪ್ಪ ಎರಡು ದಿನ ಗುಂಪಿನಲ್ಲಿ ಮಾತಾಡಲಿಲ್ಲ. ನಲವತ್ತು ಜನರ ಎದುರು ಹಿರಿಯರನ್ನು ಪ್ರಶ್ನಿಸಿದಂತಾಯಿತು. ಪ್ರಶ್ನೆ ಸರಿ, ಜಾಗ ತಪ್ಪು. ಆಮೇಲೆ ತಮ್ಮ ಅವರಿಗೆ ಫೋನು ಮಾಡಿ, ಚಿತ್ರವನ್ನು ಲೆನ್ಸಿಗೆ ಕೊಡುವುದು ಹೇಗೆಂದು ತೋರಿಸಿಕೊಟ್ಟ. ಅವರು ಗುಂಪಿನಲ್ಲಿ ಆ ಸಂದೇಶವನ್ನು ಅಳಿಸಿದರು, ಆದರೆ ಅಷ್ಟು ಹೊತ್ತಿಗೆ ಅದನ್ನು ಬೇರೆ ಕಡೆಗೆ ದಾಟಿಸಿದವರ ಬಳಿ ಅದು ಹಾಗೆಯೇ ಉಳಿದಿತ್ತು.

ಮೊನ್ನೆ ಮಳೆ ಹಿಡಿದಾಗ ಅವರಿಂದ ಮತ್ತೊಂದು ಸಂದೇಶ ಬಂತು, ಈ ಸಲ ಫಾರ್ವರ್ಡ್ ಅಲ್ಲ, ಅವರೇ ಒತ್ತಿ ಬರೆದದ್ದು: ‘ನಿಮ್ಮ ಕಡೆ ಕೆರೆ ಕೋಡಿ ಬಿದ್ದಿದೆಯಂತೆ. ಯಾರಾದರೂ ನೋಡಿದಿರಾ?’ ಮುಕ್ಕಾಲು ಗಂಟೆ ಕಳೆದು ತಮ್ಮ ಕಟ್ಟೆಯ ಮೇಲೆ ನಿಂತು ತೆಗೆದ ವಿಡಿಯೊ ಹಾಕಿದ. ಕೋಡಿಗೆ ಇನ್ನೂ ಎರಡಡಿ ನೀರು ಬೇಕಾಗಿತ್ತು.